ಫೈರ್‌ಫಾಕ್ಸ್‌ನಲ್ಲಿ ನೆಟ್ ಇದೆ, ಟರ್ಮಿನಲ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೇನೆ. 40 ಮೆಷಿನ್‌ಗಳಿಗೆ ಉಬುಂಟು ಹಾಕಿದ್ದೇವೆ. ನಮ್ಮಲ್ಲಿ ಇಂಟರ್‌ನೆಟ್ ಬರುವುದು ಪ್ರಾಕ್ಸಿ ಮೂಲಕ, ಅಂದರೆ ಎಲ್ಲರ ಪರವಾಗಿ ಹೊರಗೆ ಹೋಗಿ ಬರುವ ಒಂದು ಮಧ್ಯದ ಸರ್ವರ್ ಮೂಲಕ. ಫೈರ್‌ಫಾಕ್ಸ್‌ನಲ್ಲಿ ಎಲ್ಲ ಸೈಟ್‌ಗಳೂ ಓಪನ್ ಆಗುತ್ತವೆ. ಆದರೆ ಟರ್ಮಿನಲ್‌ನಲ್ಲಿ ಆಪ್ಟ್ (ಉಬುಂಟು ಪ್ಯಾಕೇಜ್ ಹಾಕುವ ಕಮಾಂಡ್) ಕೊಟ್ಟರೂ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಕೊಟ್ಟರೂ ಎರರ್. ನೆಟ್‌ನಲ್ಲಿ ನೋಡಿ ಪ್ರಾಕ್ಸಿ ವಿಳಾಸವನ್ನು ಎಕ್ಸ್‌ಪೋರ್ಟ್ ಕಮಾಂಡ್‌ನಲ್ಲಿ ಕೊಟ್ಟೆ. ಪಿಪ್ ಒಂದು ಹಂತಕ್ಕೆ ಬಂತು, ಆಪ್ಟ್ ಮಾತ್ರ ಜಗ್ಗಲಿಲ್ಲ, ಅದರ ಎರರ್ ಜೊತೆಗೆ ಕಳಿಸಿದ್ದೇನೆ. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿದರೆ ಪ್ರಾಕ್ಸಿ ಸರಿಯಾಗೇ ಇದೆ ಅನ್ನುತ್ತಾರೆ. ಸರ್, ಇದನ್ನು ಸರಿಯಾಗಿ ಮಾಡುವ ಕ್ರಮ ಯಾವುದು?

ಉತ್ತರ: ನಿಮ್ಮ ನೆಟ್‌ವರ್ಕ್‌ನವರು ಹೇಳಿದ್ದೂ ಸರಿ, ನಿಮ್ಮ ತಕರಾರೂ ಸರಿ. ಪ್ರಾಕ್ಸಿ ಚೆನ್ನಾಗೇ ಇದೆ. ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಮ್‌ಗಳಿಗೆ ಅದು ಎಲ್ಲಿದೆ ಅಂತ ಯಾರೂ ಹೇಳಿಲ್ಲ, ಅಷ್ಟೇ. ಫೈರ್‌ಫಾಕ್ಸ್‌ಗೆ ಹೇಳಿದ್ದು ಫೈರ್‌ಫಾಕ್ಸ್‌ಗೆ ಮಾತ್ರ ಗೊತ್ತು. ಎಕ್ಸ್‌ಪೋರ್ಟ್ ಕೊಟ್ಟು ನೀವು ಹೇಳಿದ್ದು ಆ ಒಂದು ಟರ್ಮಿನಲ್ ಕಿಟಕಿಯಲ್ಲಿ, ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಮ್‌ಗಳಿಗೆ ಮಾತ್ರ ಗೊತ್ತು. ಆಪ್ಟ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ. ಈ ಒಂದು ಎಳೆ ಸಿಕ್ಕರೆ ಉಳಿದ ಗಂಟೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರರ್ ಬಂದಾಗಲೆಲ್ಲ ಇದನ್ನೇ ಕೇಳಿಕೊಳ್ಳಿ: ಈಗ ಹೊರಗೆ ಹೋಗಲು ಹೊರಟಿರುವುದು ಯಾರು?

ಶುರು ಮಾಡುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ. ನಿಮ್ಮ ಪ್ರಾಕ್ಸಿ ವಿಳಾಸ 10.0.0.5, ಪೋರ್ಟ್ 3128 ಅಂತ ಇಟ್ಟುಕೊಂಡು ಬರೆಯುತ್ತೇನೆ. ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಮೊದಲು ನಿಮ್ಮಲ್ಲಿರುವುದು ನಿಜವಾಗಿ ಪ್ರಾಕ್ಸಿಯೇ ಅಂತ ನೋಡಿಕೊಳ್ಳಿ. ಎಷ್ಟೋ ಕಾಲೇಜುಗಳಲ್ಲಿ ಬ್ರೌಸರ್ ತೆರೆದ ಕೂಡಲೇ ಲಾಗಿನ್ ಪುಟ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ನೆಟ್ ಬಿಡುತ್ತದೆ. ಅದು ಪ್ರಾಕ್ಸಿ ಅಲ್ಲ, ಫೈರ್‌ವಾಲ್‌ನ ಲಾಗಿನ್. ಅಲ್ಲಿ ಅದೇ ಮೆಷಿನ್‌ನ ಬ್ರೌಸರ್‌ನಲ್ಲಿ ಒಮ್ಮೆ ಲಾಗಿನ್ ಆದರೆ ಸಾಮಾನ್ಯವಾಗಿ ಟರ್ಮಿನಲ್‌ಗೂ ದಾರಿ ತೆರೆಯುತ್ತದೆ. ನಿಮ್ಮದು ಹಾಗಲ್ಲ ಅನ್ನಿಸುತ್ತದೆ. ಆದರೂ ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಕೊನೆಗಿರುವ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ನೋಡಿ. ಅಲ್ಲಿ ವಿಳಾಸ ಮತ್ತು ಪೋರ್ಟ್ ನೇರವಾಗಿ ಬರೆದಿದ್ದರೆ ಅದನ್ನೇ ಗುರುತು ಹಾಕಿಕೊಳ್ಳಿ. ಸ್ಕ್ವಿಡ್ ಅನ್ನುವ ಪ್ರಾಕ್ಸಿ ಸಾಫ್ಟ್‌ವೇರ್ ಆಗಿದ್ದರೆ ಪೋರ್ಟ್ ಸಾಮಾನ್ಯವಾಗಿ 3128. ಕೆಲವು ಕಡೆ 8080 ಇರುತ್ತದೆ.

ಅಲ್ಲಿ ವಿಳಾಸದ ಬದಲು ಆಟೋಮ್ಯಾಟಿಕ್ ಕಾನ್ಫಿಗರೇಷನ್ ಅಂತ ಒಂದು ಯುಆರ್‌ಎಲ್ ಇದ್ದರೆ, ಅದು ಪ್ಯಾಕ್ ಫೈಲ್. ಯಾವ ಸೈಟ್‌ಗೆ ಯಾವ ದಾರಿ ಅಂತ ಬ್ರೌಸರ್‌ಗೆ ಹೇಳುವ ಪುಟ್ಟ ಜಾವಾಸ್ಕ್ರಿಪ್ಟ್ ಅದು. ಆಪ್ಟ್, ಪಿಪ್, ಗಿಟ್ (ಕೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ಯಾವುದೂ ಇದನ್ನು ಓದುವುದಿಲ್ಲ. ಆ ಯುಆರ್‌ಎಲ್ ಅನ್ನು ಬ್ರೌಸರ್‌ನಲ್ಲೇ ತೆರೆಯಿರಿ, ಫೈಲ್ ಡೌನ್‌ಲೋಡ್ ಆಗುತ್ತದೆ. ಟೆಕ್ಸ್ಟ್ ಎಡಿಟರ್‌ನಲ್ಲಿ ನೋಡಿ. ಒಳಗೆ ಪ್ರಾಕ್ಸಿ ಅನ್ನುವ ಪದದ ಮುಂದೆ ವಿಳಾಸ, ಪೋರ್ಟ್ ಇರುತ್ತವೆ. ನಮಗೆ ಬೇಕಾದದ್ದು ಅಷ್ಟೇ.

ಇನ್ನೊಂದು ವಿಷಯ. ದಯವಿಟ್ಟು ಪಿಂಗ್ ಹಾಕಿ ಪರೀಕ್ಷೆ ಮಾಡಬೇಡಿ. ಪ್ರಾಕ್ಸಿಗೆ ಗೊತ್ತಿರುವುದು ವೆಬ್‌ನ ಭಾಷೆ ಮಾತ್ರ. ಪಿಂಗ್ ಬೇರೆಯೇ ದಾರಿಯಲ್ಲಿ ಹೋಗುತ್ತದೆ. ಪ್ರಾಕ್ಸಿ ಹಿಂದೆ ಕೂತು ಹೊರಗಿನ ಸೈಟ್‌ಗೆ ಪಿಂಗ್ ಮಾಡಿ ಉತ್ತರ ಬರಲಿಲ್ಲ ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಸುಮ್ನೆ ಗಾಬರಿ, ಅಷ್ಟೇ.

ಈಗ ಎರರ್ ಓದೋಣ. ನೀವು ಕಳಿಸಿರುವ ಎರರ್‌ನಲ್ಲಿ ಆಪ್ಟ್ ಹೇಳುತ್ತಿರುವುದು "ಟೆಂಪರರಿ ಫೈಲ್ಯೂರ್ ರಿಸಾಲ್ವಿಂಗ್" ಅಂತ, ಮುಂದೆ ಉಬುಂಟು ಆರ್ಕೈವ್‌ನ ಹೆಸರು. ಈ ಸಾಲಿನಲ್ಲೇ ಉತ್ತರ ಇದೆ. ಪ್ರಾಕ್ಸಿ ಮೂಲಕ ಹೋಗುವ ಪ್ರೋಗ್ರಾಮ್ ಹೊರಗಿನ ಸೈಟ್‌ನ ವಿಳಾಸವನ್ನು ತಾನೇ ಹುಡುಕುವುದಿಲ್ಲ. ಹೆಸರನ್ನು ಹಾಗೆಯೇ ಪ್ರಾಕ್ಸಿ ಕೈಗೆ ಕೊಡುತ್ತದೆ, ವಿಳಾಸ ಹುಡುಕುವುದು ಪ್ರಾಕ್ಸಿಯ ಕೆಲಸ. ಇಲ್ಲಿ ಆಪ್ಟ್ ತಾನೇ ಹುಡುಕಲು ಹೋಗಿ ಸೋತಿದೆ. ಅಂದರೆ ಅದು ಪ್ರಾಕ್ಸಿ ಹತ್ತಿರ ಹೋಗೇ ಇಲ್ಲ. ಪ್ರಾಕ್ಸಿಯ ವಿಷಯ ಅದಕ್ಕೆ ಗೊತ್ತಿದ್ದು ಸಂಪರ್ಕ ಸಿಗದಿದ್ದರೆ ಎರರ್‌ನಲ್ಲಿ 10.0.0.5 ಕಾಣಬೇಕಿತ್ತು. ಎರರ್‌ನಲ್ಲಿ ಯಾರ ಹೆಸರಿದೆ ಅಂತ ಮೊದಲು ನೋಡಿ. ಅರ್ಧ ತೊಂದರೆ ಅಲ್ಲೇ ಪತ್ತೆಯಾಗುತ್ತದೆ.

ನೆಟ್‌ವರ್ಕ್‌ನವರ ಹತ್ತಿರವೂ ಇದನ್ನೇ ಕೇಳಬಹುದು. ಸ್ಕ್ವಿಡ್ ಆಗಿದ್ದರೆ ಬಂದ ಪ್ರತಿ ಕೋರಿಕೆಯನ್ನೂ ಆಕ್ಸೆಸ್ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ನೀವು ಇತ್ತ ಆಪ್ಟ್ ಅಪ್‌ಡೇಟ್ ಕೊಡುವಾಗ ಅತ್ತ ಅವರು ಆ ಲಾಗ್ ನೋಡುತ್ತಿರಲಿ. ನಿಮ್ಮ ಮೆಷಿನ್‌ನ ಐಪಿ ಅಲ್ಲಿ ಬರಲೇ ಇಲ್ಲ ಅಂದರೆ ತೊಂದರೆ ನಿಮ್ಮ ಕಡೆ. ಬಂದು, ಪಕ್ಕದಲ್ಲಿ 403 (ತಡೆದಿದೆ) ಅಥವಾ 407 (ಪಾಸ್‌ವರ್ಡ್ ಬೇಕು) ಅಂತ ಇದ್ದರೆ ಮಾತಾಡಬೇಕಾದದ್ದು ಅವರ ಜೊತೆ. ಎರಡು ನಿಮಿಷದ ಕೆಲಸ. ನೀವೊಂದು, ಅವರೊಂದು ಅಂತ ವಾರಗಟ್ಟಲೆ ಹೇಳಿಕೊಂಡು ಕೂರುವ ಅಗತ್ಯ ಇಲ್ಲ.

ಸರಿ, ಒಂದು ಮೆಷಿನ್ ಮುಂದೆ ಕೂತುಕೊಳ್ಳಿ. ಟರ್ಮಿನಲ್‌ನಿಂದ ವೆಬ್ ವಿಳಾಸ ತೆರೆಯಲು ಕರ್ಲ್, ಡಬ್ಲ್ಯುಗೆಟ್ ಅನ್ನುವ ಕಮಾಂಡ್‌ಗಳಿವೆ. ಕರ್ಲ್ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಇರುವುದಿಲ್ಲ. ಡಬ್ಲ್ಯುಗೆಟ್ ಇರುತ್ತದೆ. ಒಂದೇ ಸಾಲಿನಲ್ಲಿ ಹೀಗೆ ಹೊಡೆಯಿರಿ: ಎಚ್‌ಟಿಟಿಪಿಎಸ್ ಅಂಡರ್‌ಸ್ಕೋರ್ ಪ್ರಾಕ್ಸಿ, ಸಮ ಚಿಹ್ನೆ, ಎಚ್‌ಟಿಟಿಪಿ://10.0.0.5:3128, ಒಂದು ಸ್ಪೇಸ್, ಡಬ್ಲ್ಯುಗೆಟ್, ಸ್ಪೇಸ್, ಎರಡು ಹೈಫನ್ ಸೇರಿಸಿ ಸ್ಪೈಡರ್, ಸ್ಪೇಸ್, ಆಮೇಲೆ ಪಿಪ್ ಪ್ಯಾಕೇಜ್‌ಗಳು ಸಿಗುವ ಪೈಪಿಐ ಸೈಟ್‌ನ ಎಚ್‌ಟಿಟಿಪಿಎಸ್ ವಿಳಾಸ. ಸಮ ಚಿಹ್ನೆಯ ಎರಡೂ ಬದಿಯಲ್ಲಿ ಸ್ಪೇಸ್ ಇರಬಾರದು. ಹೀಗೆ ಕಮಾಂಡ್‌ನ ಮುಂದೆಯೇ ಬರೆದರೆ ಆ ಸೆಟ್ಟಿಂಗ್ ಅದೊಂದೇ ಕಮಾಂಡ್‌ಗೆ ಅನ್ವಯಿಸುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಇಲ್ಲ.

10.0.0.5ಕ್ಕೆ ಕನೆಕ್ಟೆಡ್ ಅಂತ ಬಂದು ಕೊನೆಗೆ 200 ಓಕೆ ಕಂಡರೆ ದಾರಿ ಸರಿಯಿದೆ. ಕನೆಕ್ಷನ್ ರಿಫ್ಯೂಸ್ಡ್ ಅಂದರೆ ಬಹುತೇಕ ಪೋರ್ಟ್ ತಪ್ಪು. ಪ್ರಾಕ್ಸಿ ಆಥೆಂಟಿಕೇಷನ್ ರಿಕ್ವೈರ್ಡ್ ಅಂದರೆ ಅದೇ 407, ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿದೆ. ಫರ್‌ಬಿಡನ್, ಅಂದರೆ 403 ಬಂದರೆ ಆ ಸೈಟ್ ಅನ್ನು ಪ್ರಾಕ್ಸಿಯಲ್ಲಿ ತಡೆದಿದ್ದಾರೆ. ಆಗ ನಿಮ್ಮ ಮೆಷಿನ್‌ನಲ್ಲಿ ಏನು ಮಾಡಿದರೂ ಆಗುವುದಿಲ್ಲ. ಬಿಡಿಸಿಕೊಡಿ ಅಂತ ಕೇಳಬೇಕು.

ಈ ಸಾಲಿನಲ್ಲಿ ಒಂದು ವಿಚಿತ್ರ ಗಮನಿಸಿದಿರಾ? ಎಚ್‌ಟಿಟಿಪಿಎಸ್ ಪ್ರಾಕ್ಸಿ ಅಂತ ಹೆಸರಿಟ್ಟು ಬೆಲೆ ಕೊಡುವಾಗ ಎಸ್ ಇಲ್ಲದ ಎಚ್‌ಟಿಟಿಪಿ ಬರೆದಿದ್ದೇನೆ. ತಪ್ಪಲ್ಲ, ಹಾಗೇ ಬರೆಯಬೇಕು. ಎಡಗಡೆಯ ಹೆಸರು ಯಾವ ಬಗೆಯ ಸೈಟ್‌ಗೆ ಹೋಗುತ್ತೇವೆ ಅನ್ನುವುದನ್ನು ಹೇಳುತ್ತದೆ. ಬಲಗಡೆಯದು ಪ್ರಾಕ್ಸಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು. ಪ್ರಾಕ್ಸಿ ಜೊತೆ ಮಾತು ಸಾದಾ ಎಚ್‌ಟಿಟಿಪಿಯಲ್ಲೇ ಶುರುವಾಗುತ್ತದೆ. ಪ್ರೋಗ್ರಾಮ್ ಅದಕ್ಕೆ "ಕನೆಕ್ಟ್" ಅಂತ ಒಂದು ಕೋರಿಕೆ ಕಳಿಸಿ, ಇಂಥ ಸೈಟ್‌ನ 443ನೇ ಪೋರ್ಟ್‌ಗೆ ದಾರಿ ಮಾಡಿಕೊಡು ಅನ್ನುತ್ತದೆ. ಪ್ರಾಕ್ಸಿ ಒಪ್ಪಿದ ಮೇಲೆ ಆ ದಾರಿಯೊಳಗೆ ಗುಪ್ತ ಸಂಭಾಷಣೆ ನಡೆಯುತ್ತದೆ. ಬಲಗಡೆಗೂ ಎಸ್ ಸೇರಿಸಿಬಿಟ್ಟರೆ ಪ್ರೋಗ್ರಾಮ್ ಪ್ರಾಕ್ಸಿ ಜೊತೆಗೇ ಗುಪ್ತವಾಗಿ ಮಾತಾಡಲು ಹೋಗುತ್ತದೆ. ಪ್ರಾಕ್ಸಿಗೆ ತಲೆಬುಡ ಅರ್ಥವಾಗುವುದಿಲ್ಲ. "ರಾಂಗ್ ವರ್ಷನ್ ನಂಬರ್" ಅನ್ನುವ ಎರರ್ ಕಂಡಾಗ ನಾನು ಮೊದಲು ನೋಡುವುದು ಈ ಎಸ್ ಅನ್ನೇ.

ಇನ್ನು ಸಣ್ಣಕ್ಷರ, ದೊಡ್ಡಕ್ಷರದ ಗೊಂದಲ. ಈ ಹೆಸರುಗಳನ್ನು ಸಣ್ಣಕ್ಷರದಲ್ಲೇ ಬರೆಯಿರಿ. ಡಬ್ಲ್ಯುಗೆಟ್ ಸಣ್ಣಕ್ಷರದ್ದನ್ನು ಮಾತ್ರ ನೋಡುತ್ತದೆ. ಕರ್ಲ್ ಕೂಡ ಎಸ್ ಇಲ್ಲದ ಎಚ್‌ಟಿಟಿಪಿ ಪ್ರಾಕ್ಸಿಯನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಬೇಕೆಂದೇ ಒಪ್ಪುವುದಿಲ್ಲ. ಅದಕ್ಕೆ ಕಾರಣ ಇದೆ. ವೆಬ್ ಸರ್ವರ್‌ನಲ್ಲಿ ಓಡುವ ಹಳೆಯ ಬಗೆಯ ಸಿಜಿಐ ಪ್ರೋಗ್ರಾಮ್‌ಗಳಿಗೆ, ಬಂದವರು ಕೋರಿಕೆಯ ಜೊತೆ ಕಳಿಸಿದ ಹೆಡರ್‌ಗಳು (ಮಾಹಿತಿಯ ಸಾಲುಗಳು) ಎಚ್‌ಟಿಟಿಪಿ ಅಂಡರ್‌ಸ್ಕೋರ್ ಅಂತ ಶುರುವಾಗುವ ದೊಡ್ಡಕ್ಷರದ ಹೆಸರಿನಲ್ಲಿ ಸಿಗುತ್ತವೆ. ಯಾರೋ ಹೊರಗಿನವರು "ಪ್ರಾಕ್ಸಿ" ಅನ್ನುವ ಹೆಡರ್ ಕಳಿಸಿದರೆ ಸರ್ವರ್‌ನ ಪ್ರಾಕ್ಸಿ ಸೆಟ್ಟಿಂಗೇ ಬದಲಾದ ಹಾಗೆ ಆಗಿಬಿಡುತ್ತಿತ್ತು. 2016ರ ಜುಲೈನಲ್ಲಿ ಈ ತೂತು "ಎಚ್‌ಟಿಟಿಪಾಕ್ಸಿ" ಅನ್ನುವ ಹೆಸರಿನಲ್ಲಿ ದೊಡ್ಡ ಸುದ್ದಿಯಾಯಿತು. ಕರ್ಲ್ ಬರೆದವರು ಅದಕ್ಕಿಂತ ಮುಂಚೆಯೇ ಎಚ್ಚರ ವಹಿಸಿದ್ದರು. ದೊಡ್ಡಕ್ಷರವನ್ನೇ ಹುಡುಕುವ ಪ್ರೋಗ್ರಾಮ್‌ಗಳೂ ಕೆಲವಿವೆ. ಅಂಥದ್ದು ಸಿಕ್ಕಾಗ ಎರಡನ್ನೂ ಬರೆಯಿರಿ.

ಈಗ ಆಪ್ಟ್. ನೀವು ಎಕ್ಸ್‌ಪೋರ್ಟ್ ಕೊಟ್ಟಿರಿ, ಆಮೇಲೆ ಸುಡೊ ಆಪ್ಟ್ ಅಪ್‌ಡೇಟ್ ಅಂದಿರಿ. ಸುಡೊ ಅಂದ ಕೂಡಲೇ ಕೆಲಸ ರೂಟ್, ಅಂದರೆ ಮೆಷಿನ್‌ನ ಯಜಮಾನನ ಹೆಸರಿಗೆ ಹೋಯಿತು. ನಿಮ್ಮ ಜೇಬಿನಲ್ಲಿದ್ದ ಚೀಟಿಗಳಲ್ಲಿ, ಅಂದರೆ ಎಕ್ಸ್‌ಪೋರ್ಟ್ ಕೊಟ್ಟಂಥ ಸೆಟ್ಟಿಂಗ್‌ಗಳಲ್ಲಿ, ಹೆಚ್ಚಿನದನ್ನು ಸುಡೊ ಬಾಗಿಲಲ್ಲೇ ಇಳಿಸಿಕೊಳ್ಳುತ್ತದೆ. ಭದ್ರತೆಗಾಗಿ ಮಾಡಿರುವ ಏರ್ಪಾಡು ಅದು. ಹಾಗಾಗಿ ಆಪ್ಟ್ ಹೊರಡುವ ಹೊತ್ತಿಗೆ ಪ್ರಾಕ್ಸಿಯ ಚೀಟಿ ಅದರ ಹತ್ತಿರ ಇಲ್ಲ. ನೀವೇ ನೋಡಬಹುದು: ಈ ಸೆಟ್ಟಿಂಗ್‌ಗಳನ್ನು ತೋರಿಸುವ ಎನ್ವ್ ಕಮಾಂಡ್‌ನ ಔಟ್‌ಪುಟ್‌ನಲ್ಲಿ ಪ್ರಾಕ್ಸಿ ಅಂತ ಗ್ರೆಪ್ ಮಾಡಿ (ಹುಡುಕಿ), ನೀವು ಕೊಟ್ಟದ್ದು ಕಾಣುತ್ತದೆ. ಸುಡೊ ಸೇರಿಸಿ ಅದನ್ನೇ ಮಾಡಿ, ಖಾಲಿ. ಪಿಪ್ ಒಂದು ಹಂತಕ್ಕೆ ಬಂದು ಆಪ್ಟ್ ಬರದಿದ್ದದ್ದು ಇದಕ್ಕೇ.

ಸುಡೊಗೆ ಹೈಫನ್ ದೊಡ್ಡ ಇ ಸೇರಿಸಿದರೆ ಚೀಟಿಗಳನ್ನು ಜೊತೆಗೇ ಕಳಿಸುತ್ತದೆ ಅಂತ ಬಹಳ ಜನ ಹೇಳುತ್ತಾರೆ. ತುರ್ತಿಗೆ ಆಗುತ್ತದೆ. ಅದನ್ನೇ ನಂಬಿಕೊಳ್ಳಬೇಡಿ. ಉಬುಂಟು 25.10ರಿಂದ ಸುಡೊ ಜಾಗಕ್ಕೆ ರಸ್ಟ್ ಭಾಷೆಯಲ್ಲಿ ಬರೆದ ಹೊಸ ಸುಡೊ ಬಂದಿದೆ, ಅದು ಈ ಹೈಫನ್ ಇ ಅನ್ನು ಮಾನ್ಯ ಮಾಡುವುದಿಲ್ಲ. ಆಪ್ಟ್‌ಗೆ ಅದರದೇ ಫೈಲ್‌ನಲ್ಲಿ ಹೇಳಿಬಿಡುವುದೇ ಒಳ್ಳೆಯದು. ಇಟಿಸಿ ಒಳಗೆ ಆಪ್ಟ್, ಅದರೊಳಗೆ ಆಪ್ಟ್ ಡಾಟ್ ಕಾನ್ಫ್ ಡಾಟ್ ಡಿ ಅನ್ನುವ ಫೋಲ್ಡರ್ ಇದೆ. ಅಲ್ಲಿ 95ಪ್ರಾಕ್ಸಿ ಅಂತ ಹೊಸ ಫೈಲ್ ಮಾಡಿ ಎರಡು ಸಾಲು ಬರೆಯಿರಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://10.0.0.5:3128/";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಎಚ್‌ಟಿಟಿಪಿ://10.0.0.5:3128/";

ಸಾಲಿನ ಕೊನೆಯ ಸೆಮಿಕೋಲನ್ ಬಿಡಬೇಡಿ. ಬಿಟ್ಟರೆ ಸಿಂಟ್ಯಾಕ್ಸ್ ಎರರ್ ಅಂತ ಆಪ್ಟ್ ಓಡುವುದೇ ಇಲ್ಲ. ಆಪ್ಟ್ ಹೈಫನ್ ಕಾನ್ಫಿಗ್ ಡಂಪ್ ಅಂತ ಕೊಟ್ಟು ಪ್ರಾಕ್ಸಿ ಅಂತ ಗ್ರೆಪ್ ಹೈಫನ್ ಐ (ದೊಡ್ಡಕ್ಷರ, ಸಣ್ಣಕ್ಷರ ಎರಡೂ ಸಿಗಲು) ಮಾಡಿದರೆ ನಿಮ್ಮ ಎರಡು ಸಾಲು ಕಾಣಬೇಕು. ಕಂಡರೆ ಸುಡೊ ಆಪ್ಟ್ ಅಪ್‌ಡೇಟ್ ಕೊಡಿ. ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅಂತ ಬಂದರೆ ಪ್ರಾಕ್ಸಿ ತನ್ನಲ್ಲಿದ್ದ ಹಳೆಯ ಪ್ರತಿ ಕೊಡುತ್ತಿರಬಹುದು. ಅದೇ ಫೈಲ್‌ಗೆ ಅಕ್ವೈರ್::ಎಚ್‌ಟಿಟಿಪಿ::ನೋ-ಕ್ಯಾಶ್ "ಟ್ರೂ"; ಅಂತ ಸೇರಿಸಿ ಮತ್ತೆ ಪ್ರಯತ್ನಿಸಿ.

ಇದಾದ ಮೇಲೂ ನೀವು ಬೀಳುವ ಒಂದು ಹಳ್ಳ ಇದೆ, ಈಗಲೇ ತೋರಿಸಿಬಿಡುತ್ತೇನೆ. ಆಪ್ಟ್ ಚೆನ್ನಾಗಿ ನಡೆಯುತ್ತಿದೆ ಅಂತ ಖುಷಿಯಲ್ಲಿ ಆಪ್ಟ್ ಮೂಲಕವೇ ಕ್ರೋಮಿಯಂ ಬ್ರೌಸರ್ ಹಾಕಲು ಹೋಗುತ್ತೀರಿ. ಪ್ಯಾಕೇಜ್ ಡೌನ್‌ಲೋಡ್ ಆಗುತ್ತದೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ಯಾಕೆ? ಉಬುಂಟುವಿನಲ್ಲಿ ಆ ಪ್ಯಾಕೇಜ್ ಬರೀ ಹೊದಿಕೆ. ಒಳಗಿನಿಂದ ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜ್) ಅನ್ನು ಕರೆಯುತ್ತದೆ. ಸ್ನ್ಯಾಪ್‌ಗಳನ್ನು ತರುವುದು ಸ್ನ್ಯಾಪ್‌ಡಿ ಅನ್ನುವ ಹಿನ್ನೆಲೆ ಸೇವೆ. ಅದು ಮೆಷಿನ್ ಆನ್ ಆದಾಗಲೇ ಎದ್ದು ಕೂತಿರುತ್ತದೆ. ನಿಮ್ಮ ಎಕ್ಸ್‌ಪೋರ್ಟೂ ಅದಕ್ಕೆ ಕೇಳಿಸುವುದಿಲ್ಲ, ಆಪ್ಟ್‌ನ ಫೈಲನ್ನೂ ಅದು ಓದುವುದಿಲ್ಲ. ಹೊರಗೆ ಹೋಗುತ್ತಿರುವುದು ಯಾರು ಅಂತ ಮತ್ತೆ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಅದಕ್ಕೆ ಹೀಗೆ ಹೇಳಬೇಕು: ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್, ಆಮೇಲೆ ಪ್ರಾಕ್ಸಿ ಡಾಟ್ ಎಚ್‌ಟಿಟಿಪಿ ಸಮ ಚಿಹ್ನೆ ಪ್ರಾಕ್ಸಿಯ ವಿಳಾಸ. ಇನ್ನೊಮ್ಮೆ ಪ್ರಾಕ್ಸಿ ಡಾಟ್ ಎಚ್‌ಟಿಟಿಪಿಎಸ್‌ಗೂ ಹಾಗೇ. 22.04ರಿಂದ ಈಚೆಗೆ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ಆಗಿಯೇ ಬರುವುದರಿಂದ ಅದರ ಅಪ್‌ಡೇಟ್‌ಗಳಿಗೂ ಇದು ಬೇಕು.

ಪ್ರೋಗ್ರಾಮ್‌ಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ದೂ ಇದೇ ಕತೆ. ಡಾಕರ್ ಪುಲ್ ಅಂದಾಗ ಇಮೇಜ್ ತರುವುದು ನೀವಲ್ಲ, ಡಾಕರ್‌ನ ಹಿನ್ನೆಲೆ ಸೇವೆ. ಹಿನ್ನೆಲೆ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಒಳಗೆ ಆ ಸೇವೆಗೆ ಪ್ರತ್ಯೇಕವಾಗಿ ಪ್ರಾಕ್ಸಿ ಬರೆದು, ಡೀಮನ್ ರಿಲೋಡ್ ಮಾಡಿ, ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಕಂಟೇನರ್ ಒಳಗೆ ಓಡುವ ಪ್ರೋಗ್ರಾಮ್‌ಗಳಿಗೆ ಮತ್ತೆ ಬೇರೆಯೇ ಹೇಳಬೇಕು. ಗಿಟ್ ನಿಮ್ಮ ಹೆಸರಿನಲ್ಲೇ ಓಡುತ್ತದೆ, ಎಕ್ಸ್‌ಪೋರ್ಟ್ ಸಾಕು. ಆದರೆ ಕ್ಲೋನ್ ಮಾಡುವ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಲಿ. ಎಸ್‌ಎಸ್‌ಎಚ್ ವಿಳಾಸ 22ನೇ ಪೋರ್ಟ್ ಹಿಡಿದು ಹೋಗುತ್ತದೆ, ಅದಕ್ಕೆ ಈ ಪ್ರಾಕ್ಸಿ ಸೆಟ್ಟಿಂಗ್ ಅನ್ವಯಿಸುವುದಿಲ್ಲ. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಎನ್‌ಪಿಎಂಗೆ ಅದರ ಕಾನ್ಫಿಗ್ ಸೆಟ್‌ನಲ್ಲೇ ಪ್ರಾಕ್ಸಿ ಮತ್ತು ಎಚ್‌ಟಿಟಿಪಿಎಸ್ ಹೈಫನ್ ಪ್ರಾಕ್ಸಿ ಅಂತ ಎರಡು ಕೊಡಬಹುದು.

ಪಿಪ್‌ಗೆ ಬರೋಣ. ಎಕ್ಸ್‌ಪೋರ್ಟ್ ಕೊಟ್ಟಿದ್ದರೆ ಅದು ಪ್ರಾಕ್ಸಿ ಹಿಡಿಯುತ್ತದೆ. ಶಾಶ್ವತವಾಗಿ ಬೇಕಿದ್ದರೆ ಪಿಪ್ ಕಾನ್ಫಿಗ್ ಸೆಟ್ ಗ್ಲೋಬಲ್ ಡಾಟ್ ಪ್ರಾಕ್ಸಿ ಅಂತ ಕೊಟ್ಟು ಮುಂದೆ ವಿಳಾಸ ಬರೆಯಿರಿ. "ಒಂದು ಹಂತಕ್ಕೆ ಬಂತು" ಅಂದಿರಲ್ಲ, ಆ ಮೇಲೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್" ಅನ್ನುವ ಎರರ್ ಬಂದಿದ್ದರೆ ಅದಕ್ಕೂ ಪ್ರಾಕ್ಸಿಗೂ ಸಂಬಂಧವೇ ಇಲ್ಲ. ಉಬುಂಟು 23.04ರಿಂದ ಸಿಸ್ಟಮ್‌ನ ಪೈಥಾನ್ ಒಳಗೆ ಪಿಪ್ ನೇರವಾಗಿ ಹಾಕಲು ಬಿಡುವುದಿಲ್ಲ. ವಿದ್ಯಾರ್ಥಿಗಳಿಗೆ ವೆನ್ವ್ (ಪ್ರತ್ಯೇಕ ಪೈಥಾನ್ ಆವರಣ) ಮಾಡಿಕೊಂಡು ಅದರೊಳಗೆ ಹಾಕುವುದನ್ನು ಕಲಿಸಿ. ಅದನ್ನು ಮುರಿಯುವ ಸ್ವಿಚ್ ಇದೆ ಅಂತ ಯಾರಾದರೂ ಹೇಳಿಕೊಡುತ್ತಾರೆ. ಲ್ಯಾಬ್ ಮೆಷಿನ್‌ನಲ್ಲಿ ಬೇಡ.

ಇನ್ನು 407, ಅಂದರೆ ಪಾಸ್‌ವರ್ಡ್ ಕೇಳುವ ಪ್ರಾಕ್ಸಿ. ಆಗ ವಿಳಾಸದಲ್ಲೇ ಹೆಸರು, ಕೋಲನ್, ಪಾಸ್‌ವರ್ಡ್, ಅಟ್ ಚಿಹ್ನೆ, ಆಮೇಲೆ 10.0.0.5:3128 ಅಂತ ಬರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಆಫೀಸಿನಲ್ಲಿ ಇದರ ಜೊತೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಒಂದು ಪ್ರೋಗ್ರಾಮ್ ಓಡುತ್ತಿತ್ತು, ಅದೇ ವಿಳಾಸ ಕೊಟ್ಟರೆ ಇನ್ನೊಂದು ಓಡುತ್ತಿರಲಿಲ್ಲ. ಪ್ರಾಕ್ಸಿಯ ಮೇಲೆಯೇ ಅನುಮಾನ ಪಟ್ಟು ಎಲ್ಲ ಹುಡುಕಿದೆವು. ಕೊನೆಗೆ ಎರರ್ ಅನ್ನು ನಿಧಾನವಾಗಿ ಓದಿದಾಗ, ಸಿಗದ ಸರ್ವರ್‌ನ ಹೆಸರು ಅಂತ ಅದು ತೋರಿಸುತ್ತಿದ್ದದ್ದು ಅವರ ಪಾಸ್‌ವರ್ಡ್‌ನ ಅರ್ಧ ಭಾಗ! ಪಾಸ್‌ವರ್ಡ್ ಒಳಗೇ ಒಂದು ಅಟ್ ಚಿಹ್ನೆ ಇತ್ತು. ಆ ಪ್ರೋಗ್ರಾಮ್ ಅಲ್ಲಿಗೇ ಪಾಸ್‌ವರ್ಡ್ ಮುಗಿಯಿತು, ಮುಂದಿನದು ವಿಳಾಸ ಅಂತ ತಿಳಿದಿತ್ತು.

ಹಾಗಾಗಿ ಪಾಸ್‌ವರ್ಡ್‌ನಲ್ಲಿ ಚಿಹ್ನೆಗಳಿದ್ದರೆ ಅವುಗಳ ಬದಲು ಶೇಕಡಾ ಚಿಹ್ನೆಯ ಗುರುತು ಹಾಕಬೇಕು. ಅಟ್‌ಗೆ %40. ಹ್ಯಾಶ್ ಚಿಹ್ನೆಗೆ %23. ಶೇಕಡಾ ಚಿಹ್ನೆಗೇ %25. ಕೋಲನ್‌ಗೆ %3 ಬರೆದು ಮುಂದೆ ದೊಡ್ಡ ಎ. ಓರೆಗೆರೆಗೆ %2 ಮುಂದೆ ದೊಡ್ಡ ಎಫ್. ಆಶ್ಚರ್ಯಸೂಚಕ ಚಿಹ್ನೆಯನ್ನು ಬ್ಯಾಶ್ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದುವ ಪ್ರೋಗ್ರಾಮ್) ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತದೆ. ಅದಕ್ಕೆ ಇಡೀ ವಿಳಾಸವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ, ಡಬಲ್ ಬೇಡ.

ಇಲ್ಲಿ ನನ್ನದೊಂದು ಕಳಕಳಿಯ ಮಾತು. ಲ್ಯಾಬ್‌ನ 40 ಮೆಷಿನ್‌ಗಳ ಫೈಲ್‌ನಲ್ಲಿ ನಿಮ್ಮ ಸ್ವಂತ ಪಾಸ್‌ವರ್ಡ್ ಬರೆದಿಡಬೇಡಿ. ಆ 95ಪ್ರಾಕ್ಸಿ ಫೈಲ್ ಅನ್ನು ಲಾಗಿನ್ ಆದ ಯಾವ ವಿದ್ಯಾರ್ಥಿ ಬೇಕಾದರೂ ತೆರೆದು ಓದಬಹುದು. ಸಾಮಾನ್ಯ ಬೇಸಿಕ್ ವಿಧಾನದಲ್ಲಿ ಪಾಸ್‌ವರ್ಡ್ ಪ್ರಾಕ್ಸಿವರೆಗೆ ಹೋಗುವುದು ಬೇಸ್64 ರೂಪದಲ್ಲಿ. ಅದು ವೇಷ ಅಷ್ಟೇ, ಬೀಗ ಅಲ್ಲ. ನಾಳೆ ಯಾರಾದರೂ ನಿಮ್ಮ ಹೆಸರಿನಲ್ಲಿ ಏನಾದರೂ ಮಾಡಿದರೆ ಲಾಗ್‌ನಲ್ಲಿ ನಿಮ್ಮ ಹೆಸರೇ ಇರುತ್ತದೆ. ನೆಟ್‌ವರ್ಕ್‌ನವರಿಗೆ ಒಂದು ಪತ್ರ ಬರೆಯಿರಿ: ಲ್ಯಾಬ್‌ನ ಐಪಿಗಳಿಂದ ಉಬುಂಟು ಆರ್ಕೈವ್, ಪೈಪಿಐ ಮತ್ತು ಅದರ ಫೈಲ್‌ಗಳಿರುವ ಇನ್ನೊಂದು ಸೈಟ್, ಸ್ನ್ಯಾಪ್ ಸ್ಟೋರ್, ಇಷ್ಟಕ್ಕೆ ಮಾತ್ರ ಪಾಸ್‌ವರ್ಡ್ ಇಲ್ಲದೆ ಬಿಡಿ ಅಂತ. ಸ್ಕ್ವಿಡ್‌ನಲ್ಲಿ ಅದು ಕೆಲವೇ ಸಾಲಿನ ಕೆಲಸ. ಪಿಪ್ ಪಟ್ಟಿ ನೋಡುವುದು ಒಂದು ಸೈಟ್‌ನಲ್ಲಿ, ಫೈಲ್ ಇಳಿಸುವುದು ಪೈಥಾನ್‌ಹೋಸ್ಟೆಡ್ ಅನ್ನುವ ಇನ್ನೊಂದರಿಂದ. ಎರಡನ್ನೂ ಹೆಸರಿಸಿ ಕೇಳಿ, ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ.

ಪ್ರಾಕ್ಸಿ ವಿಂಡೋಸ್ ಲಾಗಿನ್‌ನ ಎನ್‌ಟಿಎಲ್‌ಎಂ ವಿಧಾನ ಕೇಳುತ್ತಿದ್ದರೆ ಆಪ್ಟ್‌ನಂಥವಕ್ಕೆ ಅದು ಬರುವುದಿಲ್ಲ. ಸಿಎನ್‌ಟಿಎಲ್‌ಎಂ ಅನ್ನುವ ಪುಟ್ಟ ಪ್ರೋಗ್ರಾಮ್ ನಿಮ್ಮ ಮೆಷಿನ್‌ನಲ್ಲೇ ಕೂತು ಮಧ್ಯಸ್ಥಿಕೆ ಮಾಡುತ್ತದೆ. ಕಾಲೇಜುಗಳಲ್ಲಿ ಇದು ಅಪರೂಪ.

ಈಗ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ವಿಷಯ, ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿ ಅಂತ ತೋರಿಸುವ ಗುರುತು. ಕೆಲವು ಪ್ರಾಕ್ಸಿಗಳು ಎಚ್‌ಟಿಟಿಪಿಎಸ್ ಸಂಭಾಷಣೆಯನ್ನೂ ಮಧ್ಯದಲ್ಲಿ ಬಿಚ್ಚಿ ನೋಡಿ, ತಮ್ಮದೇ ಸರ್ಟಿಫಿಕೇಟ್ ಅಂಟಿಸಿ ಮುಂದೆ ಕಳಿಸುತ್ತವೆ. ಆಗ ಪಿಪ್ "ಸರ್ಟಿಫಿಕೇಟ್ ವೆರಿಫೈ ಫೇಲ್ಡ್" ಅನ್ನುತ್ತದೆ. ಇದಕ್ಕೆ ಸುಲಭ ಮದ್ದು ಅಂತ ಎಲ್ಲರೂ ಹೇಳಿಕೊಡುವುದು ಪರೀಕ್ಷೆಯನ್ನೇ ಆಫ್ ಮಾಡುವುದು. ಪಿಪ್‌ಗೆ ಟ್ರಸ್ಟೆಡ್ ಹೋಸ್ಟ್, ಡಬ್ಲ್ಯುಗೆಟ್‌ಗೆ ನೋ ಚೆಕ್ ಸರ್ಟಿಫಿಕೇಟ್, ಎನ್‌ಪಿಎಂಗೆ ಸ್ಟ್ರಿಕ್ಟ್ ಎಸ್‌ಎಸ್‌ಎಲ್ ಫಾಲ್ಸ್. ದಯವಿಟ್ಟು ಹಾಗೆ ಮಾಡಬೇಡಿ.

ಕಾರಣ ಹೇಳುತ್ತೇನೆ. ಉಬುಂಟುವಿನ ಪ್ಯಾಕೇಜ್‌ಗಳು ಸಾದಾ ಎಚ್‌ಟಿಟಿಪಿಯಲ್ಲಿ ಬಂದರೂ ಭಯವಿಲ್ಲ. ಪ್ಯಾಕೇಜ್ ಪಟ್ಟಿಗೆ ಉಬುಂಟುವಿನವರ ಜಿಪಿಜಿ ಸಹಿ ಇರುತ್ತದೆ, ಪ್ರತಿ ಪ್ಯಾಕೇಜ್‌ನ ಹ್ಯಾಶ್ (ಬೆರಳಚ್ಚಿನಂಥ ಗುರುತು) ಆ ಪಟ್ಟಿಯ ಲೆಕ್ಕದಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ಬದಲಿಸಿದರೂ ಆಪ್ಟ್ ಹಿಡಿದುಬಿಡುತ್ತದೆ. ಪಿಪ್‌ನಲ್ಲಿ ಹಾಗಿಲ್ಲ. ಅದು ನಂಬಿ ಕೂತಿರುವುದು ಆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಅನ್ನೇ. ಪಿಪ್ ಇನ್‌ಸ್ಟಾಲ್ ಅಂದರೆ ಬರೀ ಫೈಲ್ ಇಳಿಸುವುದಲ್ಲ, ಕೆಲವು ಪ್ಯಾಕೇಜ್‌ಗಳು ಹಾಕುವಾಗಲೇ ನಿಮ್ಮ ಮೆಷಿನ್‌ನಲ್ಲಿ ಕೋಡ್ ಓಡಿಸುತ್ತವೆ. ಇರುವ ಒಂದೇ ಕಾವಲನ್ನೂ ತೆಗೆದರೆ ಬಾಗಿಲು ಹಾರು ಹೊಡೆದ ಹಾಗೆ ಆಯಿತು, ಅಲ್ವಾ? ಮೇಲಾಗಿ ಇದನ್ನು ನೋಡಿದ ವಿದ್ಯಾರ್ಥಿಗಳು ಇದೇ ಅಭ್ಯಾಸವನ್ನು ಕೆಲಸಕ್ಕೆ ಸೇರಿದ ಕಡೆಗೂ ಹೊತ್ತುಕೊಂಡು ಹೋಗುತ್ತಾರೆ.

ಸರಿಯಾದ ದಾರಿ ಅಷ್ಟೇನೂ ಕಷ್ಟವಲ್ಲ. ನೆಟ್‌ವರ್ಕ್‌ನವರ ಹತ್ತಿರ ಪ್ರಾಕ್ಸಿಯ ರೂಟ್ ಸರ್ಟಿಫಿಕೇಟ್ ಕೇಳಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಅದು ಪಿಇಎಂ ರೂಪದಲ್ಲಿರಲಿ. ತೆರೆದು ನೋಡಿದರೆ "ಬಿಗಿನ್ ಸರ್ಟಿಫಿಕೇಟ್" ಅಂತ ಓದುವ ಹಾಗೆ ಇರಬೇಕು. ಫೈಲ್ ಹೆಸರು ಡಾಟ್ ಸಿಆರ್‌ಟಿ ಅಂತಲೇ ಮುಗಿಯಬೇಕು, ಬೇರೆ ಬಾಲ ಇದ್ದರೆ ಉಬುಂಟು ತಿರುಗಿಯೂ ನೋಡುವುದಿಲ್ಲ. ಯುಎಸ್‌ಆರ್, ಲೋಕಲ್, ಶೇರ್, ಸಿಎ ಹೈಫನ್ ಸರ್ಟಿಫಿಕೇಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿ ಸುಡೊ ಅಪ್‌ಡೇಟ್ ಹೈಫನ್ ಸಿಎ ಹೈಫನ್ ಸರ್ಟಿಫಿಕೇಟ್ಸ್ ಕೊಡಿ. "1 ಆ್ಯಡೆಡ್" ಅಂತ ಬರಬೇಕು. ಸೊನ್ನೆ ಬಂದರೆ ಹೆಸರೋ ಜಾಗವೋ ತಪ್ಪಿದೆ. ಪಿಪ್ 24.2ರಿಂದ, ಪೈಥಾನ್ 3.10 ಅಥವಾ ಹೊಸದು ಇದ್ದರೆ, ಸಿಸ್ಟಮ್‌ನ ಈ ಪಟ್ಟಿಯನ್ನೇ ನೋಡುತ್ತದೆ. ಹಳೆಯದು ತನ್ನದೇ ಪಟ್ಟಿ ಇಟ್ಟುಕೊಂಡು ಹಟ ಮಾಡಿದರೆ ಗ್ಲೋಬಲ್ ಡಾಟ್ ಸರ್ಟ್ ಅಂತ ಕಾನ್ಫಿಗ್ ಕೊಟ್ಟು ಇಟಿಸಿ, ಎಸ್‌ಎಸ್‌ಎಲ್, ಸರ್ಟ್ಸ್ ಒಳಗಿನ ಸಿಎ ಹೈಫನ್ ಸರ್ಟಿಫಿಕೇಟ್ಸ್ ಡಾಟ್ ಸಿಆರ್‌ಟಿ ಫೈಲ್ ತೋರಿಸಿ.

ಸರ್ಟಿಫಿಕೇಟ್ ಎರರ್ 40ರಲ್ಲಿ ಎರಡು ಮೂರು ಮೆಷಿನ್‌ಗೆ ಮಾತ್ರ ಬರುತ್ತಿದ್ದರೆ ತಾರೀಖು ನೋಡಿ. ಹಳೆಯ ಲ್ಯಾಬ್ ಮೆಷಿನ್‌ಗಳಲ್ಲಿ ಮದರ್‌ಬೋರ್ಡ್‌ನ ಸೆಲ್ ಹೋಗಿರುತ್ತದೆ. ರಜೆ ಮುಗಿಸಿ ಆನ್ ಮಾಡಿದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಪಿಪ್ ಅನ್ನುತ್ತದೆ, ರಿಲೀಸ್ ಫೈಲ್ "ನಾಟ್ ವ್ಯಾಲಿಡ್ ಯೆಟ್" ಅಂತ ಆಪ್ಟ್ ಅನ್ನುತ್ತದೆ. ನೆಟ್‌ನಿಂದ ಗಡಿಯಾರ ತಾನಾಗಿ ಸರಿಹೋಗಬೇಕಿತ್ತು, ಆದರೆ ಗಡಿಯಾರ ಹೊಂದಿಸುವ ಎನ್‌ಟಿಪಿ ಹೋಗುವುದು ಯುಡಿಪಿ 123ರಲ್ಲಿ. ಅದೂ ಪಿಂಗ್‌ನ ಹಾಗೆ, ಪ್ರಾಕ್ಸಿ ದಾಟುವುದಿಲ್ಲ. ಕಾಲೇಜಿನ ಒಳಗೇ ಟೈಮ್ ಸರ್ವರ್ ಇದೆಯಾ ಕೇಳಿ. ಇಲ್ಲದಿದ್ದರೆ ಡೇಟ್ ಕಮಾಂಡ್‌ನಿಂದ ಕೈಯಲ್ಲೇ ಸರಿಮಾಡಿ, ಸೆಲ್ ಬದಲಿಸಿ.

ಇನ್ನು 40 ಮೆಷಿನ್‌ಗೂ ಅದೇ ಪ್ಯಾಕೇಜ್ 40 ಸಲ ಇಳಿಸಬೇಕಾ? ಬೇಡ. ಪ್ರಾಕ್ಸಿಯೇ ಕ್ಯಾಶ್ ಮಾಡಿಕೊಳ್ಳುತ್ತದಲ್ಲ ಅನ್ನಿಸಬಹುದು. ಆದರೆ ಸ್ಕ್ವಿಡ್‌ನಲ್ಲಿ ಬದಲಾಯಿಸದೆ ಬಿಟ್ಟರೆ 4 ಎಂಬಿಗಿಂತ ದೊಡ್ಡ ಫೈಲ್ ಇಟ್ಟುಕೊಳ್ಳುವುದಿಲ್ಲ. ಬದಲಿಗೆ ನಿಮ್ಮ ಒಂದು ಮೆಷಿನ್‌ನಲ್ಲಿ ಆಪ್ಟ್ ಹೈಫನ್ ಕ್ಯಾಶರ್ ಹೈಫನ್ ಎನ್‌ಜಿ (ಒಮ್ಮೆ ಇಳಿಸಿದ ಪ್ಯಾಕೇಜ್ ಇಟ್ಟುಕೊಂಡು ಹಂಚುವ ಪ್ರೋಗ್ರಾಮ್) ಹಾಕಿ. ಅದು 3142ನೇ ಪೋರ್ಟ್‌ನಲ್ಲಿ ಕೂರುತ್ತದೆ. ಅದರ ಕಾನ್ಫಿಗ್ ಫೈಲ್‌ನಲ್ಲಿ ಪ್ರಾಕ್ಸಿ ಅನ್ನುವ ಸಾಲಿಗೆ ಕಾಲೇಜಿನ ಪ್ರಾಕ್ಸಿ ವಿಳಾಸ ಕೊಡಿ. ಉಳಿದ 39 ಮೆಷಿನ್‌ಗಳ 95ಪ್ರಾಕ್ಸಿಯಲ್ಲಿ ಎಚ್‌ಟಿಟಿಪಿ ಸಾಲಿಗೆ ನಿಮ್ಮ ಆ ಮೆಷಿನ್‌ನ ಐಪಿ ಮತ್ತು 3142 ಬರೆಯಿರಿ. ಎಚ್‌ಟಿಟಿಪಿಎಸ್ ಸಾಲು ಮೊದಲಿನಂತೆಯೇ ಕಾಲೇಜಿನ ಪ್ರಾಕ್ಸಿಗೆ ಇರಲಿ. ಮೊದಲ ಮೆಷಿನ್‌ಗೆ ಇಳಿಯುವಷ್ಟು ಹೊತ್ತು ಹಿಡಿಯುತ್ತದೆ. ಉಳಿದವಕ್ಕೆ ಲ್ಯಾಬ್‌ನ ಸ್ವಿಚ್ ಒಳಗೇ ಓಡಾಟ, ಬೇಗ ಮುಗಿಯುತ್ತದೆ.

ಎಲ್ಲರಿಗೂ ಪ್ರಾಕ್ಸಿ ಗೊತ್ತಿರಲಿ ಅಂದರೆ ಇಟಿಸಿ ಎನ್ವಿರಾನ್ಮೆಂಟ್ ಫೈಲ್‌ನಲ್ಲಿ ಬರೆಯಬಹುದು. ಅಲ್ಲಿ ಎಕ್ಸ್‌ಪೋರ್ಟ್ ಅನ್ನುವ ಪದ ಬೇಡ, ಹೆಸರು ಸಮ ಬೆಲೆ ಅಷ್ಟೇ. ಲಾಗೌಟ್ ಆಗಿ ಮತ್ತೆ ಲಾಗಿನ್ ಆದ ಮೇಲೆ ಜಾರಿಗೆ ಬರುತ್ತದೆ. ಜೊತೆಗೆ ನೋ ಅಂಡರ್‌ಸ್ಕೋರ್ ಪ್ರಾಕ್ಸಿ ಅಂತ ಇನ್ನೊಂದು ಸಾಲು ಬರೆದು ಲೋಕಲ್‌ಹೋಸ್ಟ್, 127.0.0.1 ಮತ್ತು ಕಾಲೇಜಿನ ಒಳಗಿನ ಸರ್ವರ್‌ಗಳ ಹೆಸರು ಹಾಕಿ. ಅಲ್ಪವಿರಾಮದ ಆಚೀಚೆ ಸ್ಪೇಸ್ ಬಿಡಬೇಡಿ. ಈ ಸಾಲು ಮರೆತರೆ ವಿದ್ಯಾರ್ಥಿ ತನ್ನದೇ ಮೆಷಿನ್‌ನಲ್ಲಿ ಓಡಿಸಿದ ಫ್ಲಾಸ್ಕ್ (ಪೈಥಾನ್ ವೆಬ್) ಸರ್ವರ್‌ಗೆ ಕರ್ಲ್ ಮಾಡಿದರೂ ಆ ಕೋರಿಕೆ ಪ್ರಾಕ್ಸಿಗೆ ಹೋಗುತ್ತದೆ. ಪ್ರಾಕ್ಸಿ ತನ್ನ ಲೋಕಲ್‌ಹೋಸ್ಟ್‌ನಲ್ಲಿ ಹುಡುಕಿ, ಇಲ್ಲ ಅನ್ನುತ್ತದೆ. ಕೋಡ್‌ನಲ್ಲೇ ತಪ್ಪಿದೆ ಅಂತ ಆ ಹುಡುಗಿಯೋ ಹುಡುಗನೋ ಲ್ಯಾಬ್ ಅವಧಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ.

ಸ್ವಂತ ಲ್ಯಾಪ್‌ಟಾಪ್ ತರುವವರಿಗೆ ಮಾತ್ರ ಈ ಶಾಶ್ವತ ಸೆಟ್ಟಿಂಗ್ ಹಾಕಿಕೊಡಬೇಡಿ. ಮನೆಗೆ ಹೋದರೆ 10.0.0.5 ಅಲ್ಲಿರುವುದಿಲ್ಲ, ಆಪ್ಟೂ ನಡೆಯುವುದಿಲ್ಲ, ಗಿಟ್ಟೂ ನಡೆಯುವುದಿಲ್ಲ. ಟರ್ಮಿನಲ್ ತೆರೆದಾಗ ಓದಲ್ಪಡುವ ಅವರ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಪ್ರಾಕ್ಸಿ ಆನ್, ಪ್ರಾಕ್ಸಿ ಆಫ್ ಅಂತ ಎರಡು ಪುಟ್ಟ ಫಂಕ್ಷನ್ ಬರೆದುಕೊಳ್ಳಲಿ. ಒಂದರಲ್ಲಿ ಎಕ್ಸ್‌ಪೋರ್ಟ್, ಇನ್ನೊಂದರಲ್ಲಿ ಅನ್‌ಸೆಟ್.

ಇಷ್ಟು ಮಾಡಿಯೂ ಯಾವುದಾದರೂ ಮೆಷಿನ್ ಹಟ ಹಿಡಿದರೆ ಮೂರು ವಿಷಯ ಬರೆದು ಕಳಿಸಿ: ಕೊಟ್ಟ ಕಮಾಂಡ್, ಎರರ್‌ನ ಪೂರ್ತಿ ಸಾಲುಗಳು, ಆ ಹೊತ್ತಿಗೆ ಪ್ರಾಕ್ಸಿ ಲಾಗ್‌ನಲ್ಲಿ ನಿಮ್ಮ ಐಪಿ ಕಂಡಿತೋ ಇಲ್ಲವೋ. ಕಳಿಸುವ ಮುಂಚೆ ಅದರೊಳಗಿನ ಪಾಸ್‌ವರ್ಡ್ ಮಾತ್ರ ಅಳಿಸಿ.